ಅವ್ವನ ಎಡಗೈ

ನನ್ನ ಮೊದಲ ಕಾದಂಬರಿ ಓದಿದವರು ಇವತ್ತಿಗೂ ನನ್ನನ್ನು ದಾರಿಯಲ್ಲಿ ತಡೆದು ಕೇಳುವುದು ಒಂದೇ ಪ್ರಶ್ನೆ: ಕೊನೆಗೆ ಆ ಹುಡುಗ ಬದುಕಿದನಾ ಸಾರ್? ನಾನು ನಗುತ್ತೇನೆ, ಉತ್ತರ ಹೇಳುವುದಿಲ್ಲ. ಎಷ್ಟೋ ವರ್ಷ ಆ ನಗುವಿನ ಮೇಲೆಯೇ ನನ್ನ ಹೆಸರು ನಡೆದಿದೆ. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು, ಪಠ್ಯವಾಯಿತು, ವಿಮರ್ಶಕರು ಅದಕ್ಕೆ ಹದಿಹರೆಯದ ಪರಕೀಯತೆ ಎಂದು ಎತ್ತಲಾಗದಷ್ಟು ಭಾರದ ಹೆಸರಿಟ್ಟರು. ನನಗೆ ಆ ಭಾರ ಹಿತವಾಗಿಯೇ ಇತ್ತು.

ಕಥೆ ಸಣ್ಣದು. ತುಂಬಿದ ಮನೆಯಲ್ಲಿ ಒಬ್ಬ ಹುಡುಗ. ಅವನನ್ನು ಯಾರೂ ಬೈಯುವುದಿಲ್ಲ, ಹಸಿವಿನಲ್ಲಿ ಇಡುವುದಿಲ್ಲ, ಆದರೆ ಯಾರೂ ಅವನ ಮುಖವನ್ನು ನೆಟ್ಟಗೆ ನೋಡುವುದೂ ಇಲ್ಲ. ಒಂದು ಬೆಳಿಗ್ಗೆ ಅವನು ಕೊರಳಿನ ಲಿಂಗವನ್ನು ತೆಗೆದು ಅಟ್ಟದ ಏಣಿಯ ಪಕ್ಕದ ಮೊಳೆಗೆ ನೇತುಹಾಕಿ, ದೂರದ ಒಂದು ಕೆರೆಯ ದಂಡೆಗೆ ಹೋಗಿ ದಿನವೆಲ್ಲ ಕೂರುತ್ತಾನೆ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ, ಅವನು ಹೋಗಿದ್ದೇ ಯಾರಿಗೂ ಗೊತ್ತಾಗಿಲ್ಲ. ತಾಯಿ ಬಚ್ಚಲ ಕಲ್ಲಿನ ಮೇಲೆ ಕೂತು ಒಂದೇ ಕೈಯಲ್ಲಿ ಕಾಲು ತೊಳೆಯುತ್ತಿದ್ದಾಳೆ. ತಲೆ ಎತ್ತುವುದಿಲ್ಲ. ಹುಡುಗ ಒಂದು ಗಳಿಗೆ ನಿಂತು, ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಆ ಒಂದು ಕೈಯ ಬಗ್ಗೆ ಏನೆಲ್ಲ ಬರೆದರು! ಮಗನನ್ನು ಹಿಡಿಯಬೇಕಾಗಿದ್ದ ಇನ್ನೊಂದು ಕೈ ಎಲ್ಲಿ ಎಂದು ಒಬ್ಬರು ಉದ್ದದ ಪ್ರಬಂಧವನ್ನೇ ಮಂಡಿಸಿದರು. ಅಷ್ಟೆಲ್ಲ ಯೋಚನೆ ಮಾಡಿ ನಾನು ಬರೆದಿರಲಿಲ್ಲ. ಕಂಡದ್ದನ್ನು ಬರೆದಿದ್ದೆ, ಅಷ್ಟೇ. ಅದು ನನ್ನ ಅವ್ವ. ಹುಡುಗ ನಾನೇ. ಕೆರೆ ಹಳೇಬೀಡಿನದು, ಪುಸ್ತಕದಲ್ಲಿ ಹೆಸರು ಹಾಕಲಿಲ್ಲ. ಕಥೆಗೂ ನನಗೂ ಇದ್ದ ವ್ಯತ್ಯಾಸವೆಂದರೆ, ನಾನು ತಿರುಗಿ ಹೋಗಲಿಲ್ಲ, ಒಳಗೆ ಹೋಗಿ ಎರಡು ಮುದ್ದೆ ಉಂಡೆ. ಉಂಡ ಮೇಲೆ ಅಟ್ಟ ಹತ್ತಲು ಹೋದರೆ ಲಿಂಗ ಬೆಳಿಗ್ಗೆ ನೇತುಹಾಕಿದ ಮೊಳೆಯಲ್ಲೇ ಇತ್ತು. ಒಂದು ಜೀವ ಇಡೀ ದಿನ ಮನೆಯಲ್ಲಿಲ್ಲ, ಅದರ ಲಿಂಗ ಮೊಳೆಯಲ್ಲಿ ತೂಗುತ್ತಿದೆ, ಒಬ್ಬರ ಕಣ್ಣಿಗೂ ಬಿದ್ದಿಲ್ಲ. ಆ ರಾತ್ರಿ ನಾನು ಅತ್ತೆ. ಕಾದಂಬರಿ ಹುಟ್ಟಿದ್ದು ಆ ಅಳುವಿನಿಂದ.

ನಮ್ಮವರಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಲಿಂಗ ಕಟ್ಟುತ್ತಾರೆ. ಹಿರಿಯರ ಪ್ರಕಾರ ಅದು ಮೈ ಬಿಟ್ಟು ಇರಬಾರದು. ದಿನಾ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಬೇಕು. ಸತ್ತಾಗಲೂ ಅದನ್ನು ಎಡಗೈಯಲ್ಲೇ ಇಟ್ಟು ಮಣ್ಣು ಮಾಡುತ್ತಾರೆ. ಈಗಿನ ಹುಡುಗರು ಎಷ್ಟೋ ಜನ ದೇವರ ಮನೆಯಲ್ಲಿಟ್ಟು ಮರೆತುಬಿಡುತ್ತಾರೆ, ಅದಕ್ಕೆ ಯಾರೂ ಬಾಯಿ ಬಡಿದುಕೊಳ್ಳುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಅವ್ವ ಇದ್ದಾಳೆ. ಅವಳ ಕಣ್ಣೆದುರು ಕೊರಳು ಬರಿದು ಮಾಡಿಕೊಂಡು ಓಡಾಡುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಇಲ್ಲ.

ಹಾರನಹಳ್ಳಿಯ ಹೊರಗೆ, ತೆಂಗಿನ ತೋಟದೊಳಗೆ ನಮ್ಮ ಮನೆ. ತಮ್ಮ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ನಾನು ಮದುವೆಯಾಗಲಿಲ್ಲ, ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಅವನ ಮನೆಯ ಮುಂದಿನ ಕೋಣೆಗೆ ಬಂದು ಸೇರಿಕೊಂಡೆ. ಮನೆಯಲ್ಲಿ ತಮ್ಮ, ಅವನ ಹೆಂಡತಿ, ಅವರ ಒಬ್ಬಳೇ ಮಗಳು, ಅವ್ವ, ನಾನು. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಸಿಪ್ಪೆ ಸುಲಿಯದೆ ಒಂದು ವರ್ಷದ ಹತ್ತಿರ ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಗಡಗಡ ಅಂದರೆ ಆಯಿತೆಂದು ಲೆಕ್ಕ. ನಮ್ಮಪ್ಪ ಇದ್ದಾಗ ಒಂದೊಂದು ಕಾಯನ್ನೂ ಹೀಗೆ ಕಿವಿಗಿಟ್ಟು ಕೇಳುತ್ತಿದ್ದರು. ನನ್ನ ಮಾತನ್ನು ಮಾತ್ರ ಕೇಳಿದ್ದು ನೆನಪಿಲ್ಲ.

ನಾನು ಓದಿ ಬೆಳೆದ ಆ ಅಟ್ಟದ ಮೂಲೆ ಈಗ ತಮ್ಮನ ಮಗಳದು. ಅವಳು ಸೆಕೆಂಡ್ ಪಿಯುಸಿ. ಎರಡು ವರ್ಷದ ಹಿಂದಿನವರೆಗೂ ಮಾತು ನಿಲ್ಲಿಸೆಂದು ಕೈ ಮುಗಿಯಬೇಕಾಗಿತ್ತು. ಆಮೇಲೆ ಒಂದೊಂದೇ ಮಾತು ಕಡಿಮೆಯಾಯಿತು. ಹೂಂ, ಇಲ್ಲ, ಗೊತ್ತಿಲ್ಲ. ಮನೆಯವರು ತಮಾಷೆ ಮಾಡಿದರು, ದೊಡ್ಡಪ್ಪನ ಗಾಳಿ ಬಡಿದಿದೆ ಎಂದರು. ನಾನೂ ನಕ್ಕೆ. ಅವಳಿಗೆ ಸ್ಕೂಟಿ ಇತ್ತು, ಫೋನಿತ್ತು, ಕೇಳಿದ್ದೆಲ್ಲ ಸಿಗುತ್ತಿತ್ತು. ಇನ್ನೇನು ಬೇಕು ಇವಳಿಗೆ ಅಂತ ನನ್ನಂಥವನಿಗೇ ಅನ್ನಿಸಿತ್ತು ಎಂದರೆ ಉಳಿದವರ ಮಾತು ಬಿಡಿ.

ಹೀಗಿರುವಾಗ ಅವಳ ಕಾಲೇಜಿನಲ್ಲಿ ನನ್ನ ಭಾಷಣ ಇಟ್ಟರು. ವಿಷಯ, ಕಾದಂಬರಿ ಹುಟ್ಟಿದ ಬಗೆ. ನಾನು ಅಟ್ಟ, ಮೊಳೆ, ಹಳೇಬೀಡಿನ ಕೆರೆ, ಬಚ್ಚಲ ಕಲ್ಲು ಎಲ್ಲವನ್ನೂ ಎಲ್ಲೆಲ್ಲಿ ನಿಲ್ಲಿಸಬೇಕೋ ಅಲ್ಲಲ್ಲಿ ನಿಲ್ಲಿಸಿ ಹೇಳಿದೆ. ಎಷ್ಟೋ ಊರಲ್ಲಿ ಹೇಳಿ ನುಣ್ಣಗಾದ ಮಾತು. ಕೊನೆಯಲ್ಲಿ ಪ್ರಶ್ನೆ ಕೇಳಿ ಎಂದಾಗ ಹುಡುಗಿಯರ ಸಾಲಿನಿಂದ ಎದ್ದವಳು ತಮ್ಮನ ಮಗಳೇ. ಮನೆಯಲ್ಲಿ ಬಾಯಿ ಬಿಡದವಳು ಮೈಕ್ ಹಿಡಿದು ಕೇಳಿದಳು:

"ಅವತ್ತು ನಿಮ್ಮನ್ನ ಯಾರೂ ಹುಡುಕ್ಕೊಂಡು ಬರಲೇ ಇಲ್ವಾ?"

"ಬಂದಿದ್ದರೆ ಈ ಕಾದಂಬರಿಯೇ ಇರುತ್ತಿರಲಿಲ್ಲ" ಎಂದೆ.

ಸಭೆ ಚಪ್ಪಾಳೆ ತಟ್ಟಿತು. ಅವಳು ಚಪ್ಪಾಳೆ ನಿಲ್ಲುವವರೆಗೂ ನಿಂತೇ ಇದ್ದಳು. ಇನ್ನೂ ಏನೋ ಕೇಳುವುದಿತ್ತು ಅವಳಿಗೆ. ಅಷ್ಟರಲ್ಲಿ ಹಾರ ತಂದರು, ಶಾಲು ತಂದರು, ನಾನು ಕೊರಳು ಬಗ್ಗಿಸಿದೆ.

ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ತಿಂಡಿ ಮುಗಿದ ಹೊತ್ತಿನಲ್ಲಿ, ಕಾಲೇಜಿನಿಂದ ತಮ್ಮನಿಗೆ ಫೋನ್ ಬಂತು. ಟೆಸ್ಟ್ ಇದೆ, ನಿಮ್ಮ ಮಗಳು ಬಂದಿಲ್ಲ. ಅವಳು ಯೂನಿಫಾರಂ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಹೊರಟಿದ್ದಳು. ಸ್ಕೂಟಿ ಕೊಟ್ಟಿಗೆಯಲ್ಲೇ ಇತ್ತು. ತಮ್ಮ ಅವಳ ನಂಬರಿಗೆ ಫೋನ್ ಮಾಡಿದ. ಅಟ್ಟದ ಮೇಲೆ ರಿಂಗಾಯಿತು.

ತಮ್ಮನ ಹೆಂಡತಿ ಏಣಿ ಹತ್ತಲು ಹೋದವಳು ಅರ್ಧದಲ್ಲೇ ನಿಂತುಬಿಟ್ಟಳು. ನಾನು ಹೋಗಿ ನೋಡಿದೆ. ಏಣಿಯ ಪಕ್ಕದ ಹಳೇ ಮೊಳೆಯಲ್ಲಿ ಹುಡುಗಿಯ ಲಿಂಗ ನೇತಾಡುತ್ತಿತ್ತು, ಲಿಂಗವಿಡುವ ಬೆಳ್ಳಿಯ ಕರಡಿಗೆ, ಕೊರಳಿಗೆ ಕಟ್ಟುವ ಹೊಸ ಶಿವದಾರ.

"ಭಾವ, ಇದು ನಿಮ್ಮ ಪುಸ್ತಕದಲ್ಲಿ ಇರೋ ಹಂಗೇ ಅಲ್ವಾ?" ಎಂದಳು ಅವಳು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ನಾನು ಇಲ್ಲ ಅನ್ನಲಿ ಎಂದು ಬೇಡುತ್ತಿದ್ದಳು.

ತಮ್ಮ ಬೇಡಲಿಲ್ಲ. ಅವನು ಜೀವಮಾನದಲ್ಲಿ ನನ್ನೆದುರು ದನಿ ಎತ್ತಿದವನಲ್ಲ. ಅವತ್ತು ನನ್ನ ತೋಳನ್ನು ಹಿಡಿದು ಅಲುಗಿಸಿದ.

"ಅಣ್ಣ, ನಿನ್ ಕಥೇಲಿ ಆ ಹುಡುಗ ಕೊನೆಗೆ ಏನಾದ? ಸತ್ನಾ, ಬದುಕಿದ್ನಾ? ಈಗ್ಲಾದ್ರೂ ಬಾಯ್ ಬಿಡು!"

"ಬದುಕಿದ ಕಣೋ. ಅವನು ನಾನೇ ಅಲ್ವೇನೋ. ನಿನ್ನ ಮುಂದೆ ನಿಂತಿದ್ದೀನಲ್ಲ."

"ಹಂಗಂತ ಬರೀಬೇಕಾಗಿತ್ತು" ಎಂದ ಅವನು. ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಅವ್ವ ಗೋಡೆ ಹಿಡಿದುಕೊಂಡು ಬಂದಳು. ಎಂಬತ್ತು ದಾಟಿದ್ದಾಳೆ, ಮಂಡಿ ಬಗ್ಗುವುದಿಲ್ಲ. ಯಾರನ್ನೂ ಏನೂ ಕೇಳಲಿಲ್ಲ. ಮೊಳೆ ನೋಡಿದಳು, ಮೆಲ್ಲಗೆ ಲಿಂಗವನ್ನು ಬಿಡಿಸಿಕೊಂಡು ಕೈಯಲ್ಲಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತ್ಕೊಂಡು ಏನ್ಲಾ ಮಾಡ್ತಿದ್ದೀಯ? ಹಳೇಬೀಡು ಕೆರೆ ತಾವ ನೋಡೋಗು" ಎಂದಳು.

ತಮ್ಮ ರೈಲ್ವೆ ಸ್ಟೇಷನ್ನಿಗೆ ಹೊರಟ. ಅರಸೀಕೆರೆ ಜಂಕ್ಷನ್ ಎಂದರೆ ಅವನ ಮನಸ್ಸಿಗೆ ಬಂದದ್ದು ಹಳಿಗಳು, ಅದನ್ನು ಬಾಯಲ್ಲಿ ಹೇಳಲಿಲ್ಲ. ನಾನು ನನ್ನ ಹಳೇ ಕಾರು ತೆಗೆದೆ. ಹಳೇಬೀಡಿನ ಹೆಸರು ಪುಸ್ತಕದಲ್ಲಿಲ್ಲ, ಅವ್ವನಿಗೆ ಓದಲೂ ಬರುವುದಿಲ್ಲ ಎಂಬುದು ಜಾವಗಲ್ ದಾಟಿದ ಮೇಲೆ ತಲೆಗೆ ಹೊಳೆಯಿತು. ನಾನೇ ಯಾವತ್ತೋ ಹೇಳಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ದಾರಿಯುದ್ದಕ್ಕೂ ನನ್ನ ಪುಸ್ತಕವನ್ನು ನಾನೇ ಮೊದಲ ಸಲ ಓದಿದ ಹಾಗಾಯಿತು. ತಿರುಗಿ ಹೋದ ಆ ಹುಡುಗ ಎಲ್ಲಿಗೆ ಹೋದ? ನಾನು ಯೋಚನೆಯನ್ನೇ ಮಾಡಿರಲಿಲ್ಲ. ಓದುವವರ ಎದೆ ಧಸಕ್ಕೆನ್ನಲಿ ಎಂದು ಅವನನ್ನು ಕತ್ತಲಿಗೆ ಕಳಿಸಿ ಪೆನ್ನು ಮುಚ್ಚಿದ್ದೆ. ಈಗ ಆ ಕತ್ತಲಿಗೆ ನಮ್ಮ ಮನೆಯ ಹುಡುಗಿಯೇ ಹೋಗಿದ್ದರೆ? ಒಂದು ಎತ್ತಿನ ಗಾಡಿ ಅಡ್ಡ ಬಂದಿದ್ದಕ್ಕೆ ಗಾಡಿಯವನನ್ನು ಕೆಟ್ಟದಾಗಿ ಬೈದೆ. ಪಾಪ, ಅವನು ತನ್ನ ಪಾಡಿಗೆ ಹುಲ್ಲು ಹೇರಿಕೊಂಡು ಹೋಗುತ್ತಿದ್ದ.

ಹಳೇಬೀಡಿನಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ತುಂಬಿದ್ದರು. ದೇವಸ್ಥಾನದ ಮುಂದೆ ಎಳನೀರು ಮಾರುವವನನ್ನು ಕೇಳಿದೆ, ಫೋಟೋ ತೋರಿಸಿದೆ. ಅವನು ತಲೆ ಕೆರೆದುಕೊಂಡು, "ಇಂಥ ಯೂನಿಫಾರಂನವು ಬೆಳಿಗ್ಗೆಯಿಂದ ನೂರು ಬಂದವೆ ಸ್ವಾಮಿ" ಎಂದ. ಬಸದಿಗಳ ಕಡೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ನುಣುಪು ಕಂಬದಲ್ಲಿ ನನ್ನದೇ ಮುಖ ಸೊಟ್ಟಗೆ ಕಂಡಿತು. ಅಲ್ಲಿಂದ ಕೆರೆಗೆ ಓಡಿದೆ. ನಿಜವಾಗಿಯೂ ಓಡಿದೆ, ಪಂಚೆ ಎತ್ತಿ ಕಟ್ಟಿಕೊಂಡು, ಈ ವಯಸ್ಸಿನಲ್ಲಿ.

ಕೆರೆ ತುಂಬಿತ್ತು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ನನ್ನ ಕಾಲದಲ್ಲೂ ಹೀಗೇ ಒಗೆಯುತ್ತಿದ್ದರು. ಪುಸ್ತಕದಲ್ಲಿ ಅವರಿಗೆ ನಾನು ಒಂದೇ ಒಂದು ವಾಕ್ಯ ಕೊಟ್ಟಿದ್ದೆ, ಅವರಲ್ಲಿ ಒಬ್ಬರೂ ಹುಡುಗನ ಕಡೆ ನೋಡಲಿಲ್ಲ ಎಂದು. ಸ್ವಲ್ಪ ಆಚೆ, ಜನ ಇಲ್ಲದ ಕಡೆ, ನೀರಿನ ಅಂಚಿನ ಕಲ್ಲಿನ ಮೇಲೆ ಒಂದು ಜೊತೆ ಕಪ್ಪು ಚಪ್ಪಲಿ ಇತ್ತು. ಹುಡುಗಿಯರ ಚಪ್ಪಲಿ. ಸುತ್ತಮುತ್ತ ಯಾರೂ ಇಲ್ಲ. ನಾನು ಅವನ್ನು ಎತ್ತಿಕೊಂಡೆ. ನಮ್ಮ ಹುಡುಗಿಯ ಚಪ್ಪಲಿ ಯಾವ ಬಣ್ಣದ್ದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ದಿನಾ ನನ್ನ ಕೋಣೆಯ ಬಾಗಿಲಲ್ಲೇ ಬಿಚ್ಚಿಡುತ್ತಾಳೆ, ನಾನು ಒಂದು ದಿನವೂ ನೋಡಿರಲಿಲ್ಲ. ಒಂಟಿತನದ ಬಗ್ಗೆ ಇನ್ನೂರು ಪುಟ ಬರೆದ ಮನುಷ್ಯ ನಾನು! ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಮ್ಮನಿಗೆ ಫೋನ್ ಮಾಡಬೇಕು, ಬಣ್ಣ ಕೇಳಬೇಕು, ಆದರೆ ಆ ಪ್ರಶ್ನೆಯನ್ನು ಅವನಿಗೆ ಯಾವ ಬಾಯಲ್ಲಿ ಕೇಳುವುದು?

"ಅಣ್ಣೋ, ಅವು ನನ್ನ ಮಗಳವು ಕಣ್ರೀ. ಯಾಕೆ ತಗೊಂಡ್ರಿ?"

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಿಂದೆ ಅವಳ ಮಗಳು ಒದ್ದೆ ಬಟ್ಟೆ ಹಿಡಿದು ನನ್ನನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದಳು. ನಾನು ಚಪ್ಪಲಿಯನ್ನು ಇದ್ದ ಕಡೆಯೇ ಇಟ್ಟು, ಆ ಮಗುವಿಗೆ ಕೈ ಮುಗಿದೆ. ಯಾಕೆ ಮುಗಿದೆನೋ ಗೊತ್ತಿಲ್ಲ.

ಮಧ್ಯಾಹ್ನ ಕಳೆಯಿತು. ತಮ್ಮ ಫೋನ್ ಮಾಡಿ ಸ್ಟೇಷನ್ನಿನಲ್ಲಿ ಇಲ್ಲ ಎಂದ, ಇನ್ನು ಪೊಲೀಸಿಗೆ ಹೇಳುತ್ತೇನೆ ಎಂದ. ನಾನು ಕಾಲು ಎಳೆದುಕೊಂಡು ಬಸ್ ನಿಲ್ಲುವ ಕಡೆ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಎದುರಿಗೆ ಬೇಲೂರಿನ ಕಡೆಯಿಂದ ಬಸ್ಸೊಂದು ಬಂದು ನಿಂತಿತು. ಇಳಿದವರಲ್ಲಿ ಕೊನೆಯವಳು ನಮ್ಮ ಹುಡುಗಿ. ಕೈಯಲ್ಲಿ ಕಡಲೆಪುರಿಯ ಪೊಟ್ಟಣ, ಕೆನ್ನೆಯ ಮೇಲೆ ಕಿಟಕಿಯ ಸರಳಿನ ಗುರುತು. ಕಾಲಲ್ಲಿ ಚಪ್ಪಲಿಯಲ್ಲ, ಬಿಳಿ ಶೂ.

"ಅಯ್ಯೋ ದೊಡ್ಡಪ್ಪ, ನೀವ್ಯಾಕೆ ಬಂದ್ರಿ?" ಎಂದಳು.

ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡೂ ಆಗದೆ ಅವಳ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆದದ್ದು ಇಷ್ಟೇ. ಹಳೇಬೀಡಿಗೆ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ನಿದ್ದೆ ಹೋಗಿದ್ದಳು. ಎಚ್ಚರವಾದದ್ದು ಬೇಲೂರಿನಲ್ಲಿ. ಅಲ್ಲಿ ಸುಮ್ಮನೆ ಓಡಾಡಿ, ಪುರಿ ಕೊಂಡು, ವಾಪಸ್ ಬಸ್ ಹತ್ತಿದ್ದಳು. ಅಷ್ಟರಲ್ಲಿ ಮನೆಗೆ ಮರಳಿದ್ದ ತಮ್ಮನಿಗೆ ಫೋನ್ ಹಚ್ಚಿ ಅವಳ ಕೈಗೇ ಕೊಟ್ಟೆ. ಅವನು ಆ ಕಡೆ ಅಳುತ್ತಿದ್ದುದು ನನಗೂ ಕೇಳಿಸಿತು. ಅವಳ ಮುಖ ಸಣ್ಣಗಾಯಿತು. "ನಾನು ಸಂಜೆ ಬರ್ತಿದ್ದೆ ಅಪ್ಪ, ನಿಜವಾಗ್ಲೂ" ಎಂದು ಮತ್ತೆ ಮತ್ತೆ ಹೇಳಿದಳು. ಅವ್ವನಿಗೆ ಕೊಡು ಎಂದು ನಾನು ಕೇಳಿದರೆ, ಅವ್ವ ಫೋನ್ ಹತ್ತಿರ ಬರುವುದಿಲ್ಲ ಎನ್ನುತ್ತಾಳೆ, ಬೇಗ ಕರಕೊಂಡು ಬಾ ಎಂದು ತಮ್ಮ ಇಟ್ಟುಬಿಟ್ಟ.

ಹೊರಡೋಣ ಎಂದರೆ ಅವಳು ಅಲುಗಲಿಲ್ಲ. ಕೆರೆ ನೋಡಿಕೊಂಡೇ ಬರುತ್ತೇನೆ, ಅದಕ್ಕೇ ಬಂದಿದ್ದು ಎಂದಳು. ಇಬ್ಬರೂ ಹೋಗಿ ಏರಿಯ ಮೇಲೆ ಕೂತೆವು. ಅವಳು ಪೊಟ್ಟಣ ಬಿಚ್ಚಿ ನಡುವೆ ಇಟ್ಟಳು. ಬೆಳಿಗ್ಗೆಯಿಂದ ನೀರು ಕುಡಿಯದವನು ನಾನು, ಅದಕ್ಕೇ ಕೈ ಹಾಕಿದೆ.

"ಲಿಂಗ ಯಾಕೆ ಬಿಟ್ಟು ಬಂದೆ ಪುಟ್ಟಿ? ಎಲ್ಲರ ಜೀವ ಹೋಗಿತ್ತು."

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದನ್ನ ಬಿಟ್ಟು ಇರೋಕಾಗಲ್ಲ ಅಂತ ಅಜ್ಜಿನೇ ಅಲ್ವಾ ಹೇಳೋದು? ಅದು ಮನೇಲಿದ್ರೆ ನಾನು ವಾಪಸ್ ಬಂದೇ ಬರ್ತೀನಿ ಅಂತ ಅರ್ಥ ಅಲ್ವಾ? ನೀವು ಗಾಬರಿ ಆಗಬಾರದು ಅಂತಾನೇ ಮೊಳೆಗೆ ಹಾಕಿದ್ದು. ಪುಸ್ತಕದಲ್ಲೂ ಅದಕ್ಕೇ ಹಾಕಿರ್ತಾನೆ ಅಂದ್ಕೊಂಡೆ."

ಇಷ್ಟು ವರ್ಷ ಆ ಪುಸ್ತಕ ಓದಿದವರಲ್ಲಿ ಒಬ್ಬರಿಗೂ, ಬರೆದ ನನಗೂ, ಆ ಮೊಳೆಗೆ ಇಂಥ ಅರ್ಥ ಇರಬಹುದು ಎಂದು ಹೊಳೆದಿರಲಿಲ್ಲ. ಒಂದೇ ಲಿಂಗ, ಒಂದೇ ಮೊಳೆ. ನಾವು ಸಾವನ್ನು ಕಂಡೆವು, ಅವಳು ಬರುತ್ತೇನೆಂಬ ಮಾತು ಕೊಟ್ಟಿದ್ದಳು. ನಗು ಬಂತು. ಅವಳು ನಗಲಿಲ್ಲ.

"ಮತ್ತೆ ಯಾಕೆ ಬಂದೆ, ಹೇಳದೆ ಕೇಳದೆ?"

"ಕಾಲೇಜಲ್ಲಿ ಎಲ್ರೂ ಅದೇ ಕೇಳ್ತಾರೆ ದೊಡ್ಡಪ್ಪ. ನೀನೂ ಅಟ್ಟದ ಮೇಲೇ ಇರ್ತೀಯಂತೆ, ನಿನ್ನ ಬಗ್ಗೆನೂ ಬರೀತಾರಾ ಅಂತ. ನಾನು ಸುಮ್ನಿದ್ರೆ ಮನೇಲಿ ನಗ್ತಾರೆ, ನಿಮ್ಮ ಥರ ಅಂತಾರೆ. ನಂಗೆ ಬೇಜಾರಾಗೋದೂ ನಿಮ್ಮದೇನಾ? ನಂದು ಅಂತ ಇರೋ ಹಾಗೇ ಇಲ್ವಾ?" ಪುರಿಯನ್ನು ಒಂದೊಂದೇ ಆರಿಸಿ ಬಾಯಿಗೆ ಹಾಕಿಕೊಂಡಳು. "ಅವತ್ತು ಭಾಷಣದಲ್ಲಿ, ಯಾರಾದ್ರೂ ಹುಡುಕಿದ್ರೆ ಕಾದಂಬರಿ ಇರ್ತಿರಲಿಲ್ಲ ಅಂದ್ರಲ್ಲ. ಎಲ್ರೂ ಚಪ್ಪಾಳೆ ಹೊಡೆದ್ರು. ಅಂದ್ರೆ ಯಾರೂ ಬರದೇ ಇದ್ದಿದ್ದೇ ಒಳ್ಳೇದಾಯ್ತು ಅಂತಾನಾ? ಆ ಹುಡುಗನ್ನ ಕೇಳಿದ್ರೆ ಹಾಗನ್ತಿದ್ನಾ?"

ಸಭೆಯಲ್ಲಿ ನಿಂತೇ ಇದ್ದಳಲ್ಲ, ಕೇಳಬೇಕಾಗಿದ್ದದ್ದು ಇದು. ಎದುರಿಗೆ ಆ ಹೆಂಗಸು ಒಗೆದ ಬಟ್ಟೆ ಹಿಂಡುತ್ತಿದ್ದಳು.

"ನೀವು ಎಲ್ಲಿ ಕೂತಿದ್ರಿ?" ಎಂದು ಕೇಳಿದಳು.

"ಇಲ್ಲೇ ಎಲ್ಲೋ. ಆಗ ಹೀಗಿರಲಿಲ್ಲ."

"ಸುತ್ತ ಯಾರೂ ಇರಲಿಲ್ವಾ?"

"ಬಟ್ಟೆ ಒಗೆಯೋರು ಇದ್ದರು. ನಾನು ನೋಡಲಿಲ್ಲ."

"ನೀವು ನೋಡಲಿಲ್ಲ" ಎಂದಳು ಅವಳು. ಸುಮ್ಮನೆ ಹೇಳಿದ ಮಾತು. ಎದ್ದು ಲಂಗದ ಧೂಳು ಕೊಡವಿಕೊಂಡಳು.

ದಾರಿಯಲ್ಲಿ ನನಗೆ ಒಂದೇ ದಿಗಿಲು. ಅವ್ವ ಏನನ್ನುತ್ತಾಳೋ. ಲಿಂಗ ಬಿಟ್ಟು ಹೋದದ್ದನ್ನು ಅವಳು ಸುಲಭಕ್ಕೆ ಕ್ಷಮಿಸುವವಳಲ್ಲ. ಮಠಕ್ಕೆ ಕರಕೊಂಡು ಹೋಗಬೇಕು, ಮತ್ತೆ ದೀಕ್ಷೆ ಆಗಬೇಕು ಎಂದು ಹಟ ಹಿಡಿದರೆ, ಈಗಷ್ಟೇ ಬಾಯಿ ಬಿಟ್ಟ ಈ ಹುಡುಗಿ ಮತ್ತೆ ಮುಚ್ಚಿಕೊಂಡುಬಿಡುತ್ತಾಳೆ. ಆಮೇಲೆ ಯಾವ ಕೆರೆಯ ದಂಡೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವಳೂ ಇದನ್ನೇ ಯೋಚಿಸುತ್ತಿದ್ದಳೇನೋ, ಅರಸೀಕೆರೆ ಹತ್ತಿರ ಬಂದಂತೆ ಉಗುರು ಕಚ್ಚತೊಡಗಿದಳು.

ನಾವು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ತಮ್ಮನೂ ಅವನ ಹೆಂಡತಿಯೂ ಓಡಿ ಬಂದರು, ಅವಳು ಮಗಳನ್ನು ಬಾಚಿಕೊಂಡಳು. ಬೆಳಿಗ್ಗೆಯಿಂದ ಅವ್ವ ಒಂದು ತುತ್ತು ತಿಂದಿಲ್ಲ, ಮಂಡಿ ನೋವಿನಲ್ಲೂ ರಸ್ತೆಯವರೆಗೆ ಹೋಗುವುದು ಬರುವುದು, ಅದನ್ನೇ ಮಾಡುತ್ತಿದ್ದಾಳೆ, ಈಗಷ್ಟೇ ಹಿತ್ತಲಿಗೆ ಹೋದಳು ಎಂದು ಹೇಳಿದಳು. ಹುಡುಗಿ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಹಿತ್ತಲಿಗೆ ಹೋದೆವು.

ಅವ್ವ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ಪಾದದ ತುಂಬ ಕೆಮ್ಮಣ್ಣಿನ ಧೂಳು. ಬಲಗೈಯಲ್ಲಿ ಚೊಂಬು ಬಗ್ಗಿಸಿ, ಚೊಂಬನ್ನು ಕೆಳಗಿಟ್ಟು, ಅದೇ ಕೈಯಲ್ಲಿ ಕಾಲು ಉಜ್ಜಿ, ಮತ್ತೆ ಚೊಂಬನ್ನೆತ್ತುತ್ತಿದ್ದಳು. ತಲೆ ಎತ್ತಲಿಲ್ಲ.

ನಾನು ನಿಂತಲ್ಲೇ ನಿಂತೆ. ನನ್ನ ಪುಸ್ತಕದ ಕೊನೆಯ ಪುಟ ಅಲ್ಲಿ ಕೂತು ಕಾಲು ತೊಳೆಯುತ್ತಿತ್ತು.

ಹುಡುಗಿ ನನ್ನ ಹಾಗೆ ನಿಲ್ಲಲಿಲ್ಲ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. "ಅಜ್ಜಿ, ಆ ಕೈಗೇನಾಯ್ತು?"

ಅವ್ವ ಎಡಗೈ ಮುಂದೆ ಚಾಚಿ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹುಡುಗಿಯ ಲಿಂಗ. ಕರಡಿಗೆಯ ಅಂಚು ಒತ್ತಿ ಚರ್ಮ ಕೆಂಪಾಗಿತ್ತು.

"ಮೈ ಮೇಲಿಲ್ದಿದ್ರೆ ಕೈಯಾಗಾದ್ರೂ ಇರ್ಬೇಕಲ್ಲವ್ವ. ನೀನು ಬರಗಂಟ ಕೆಳಗಿಡೋದು ಹೆಂಗೆ?" ಎಂದು ಅವಳ ಕೊರಳಿಗೆ ಹಾಕಿ, ದಾರವನ್ನು ನೇರ ಮಾಡಿದಳು. ಮಠದ ಮಾತಿಲ್ಲ, ಬೈಗುಳವಿಲ್ಲ. "ಹಸ್ಕೊಂಡಿದ್ದೀಯ?" ಎಂದಳು.

ಹುಡುಗಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅಳತೊಡಗಿದಳು. ನನಗೆ ಮಾತ್ರ ಅವ್ವನ ಆ ಕೈಯಿಂದ ಕಣ್ಣು ಕೀಳಲಾಗಲಿಲ್ಲ.

"ಅವ್ವ, ನಾನು ಹೋದಾಗ್ಲೂ?" ಎಂದೆ.

"ಇನ್ನೇನು ಮತ್ತೆ. ಮೊಳೆ ಮ್ಯಾಲೆ ನೋಡ್ದೆ, ಎದೆ ಒಡ್ದೋಯ್ತು. ಅರಸೀಕೆರೆ ಬಸ್ ಸ್ಟ್ಯಾಂಡಾಗೆ ಹೂ ಮಾರೋಳು ಹೇಳಿದ್ಲು, ನಿಮ್ಮ ಹುಡುಗ ಬೇಲೂರ್ ಬಸ್ ಹತ್ತಿ ಹಳೇಬೀಡಿಗೆ ಟಿಕೀಟ್ ಕೇಳ್ದ ಅಂತ. ಅದ್ರ ಹಿಂದೆ ಬಂದ ಬಸ್ ಹತ್ತಿ ನಾನೂ ಬಂದೆ. ನೀನು ಕೆರೆ ಏರಿ ಮ್ಯಾಲೆ ಕೂತಿದ್ದೆ. ತಾವ ಬಂದ್ರೆ ಎಲ್ಲಿ ನೀರಿಗೆ ಬಿದ್ಬುಡ್ತೀಯೋ ಅಂತ, ಬಟ್ಟೆ ಒಗೆಯೋರ ಮಧ್ಯೆ ಸೆರಗು ಹೊದ್ಕೊಂಡು ಕೂತ್ಕೊಂಡೆ. ನೀನು ಬಸ್ ಹತ್ತಿದ ಮ್ಯಾಲೆ ಒಂದು ಕಾಯಿ ಲಾರಿ ಸಿಕ್ತು. ಅರಸೀಕೆರೆಯಿಂದ ಟೆಂಪೋ ಇರ್ಲಿಲ್ಲ. ನಿನಗಿಂತ ಮುಂಚೆ ಮನೆ ಸೇರ್ಬೇಕಿತ್ತಲ್ಲ, ನಡೆದೇಬುಟ್ಟೆ."

ನಾನು ಮಾತ್ರ ಅವತ್ತು ಅರಸೀಕೆರೆಯ ಸ್ಟೇಷನ್ನಿನಲ್ಲಿ ಬೇಕೆಂದೇ ಹೊತ್ತು ಇಳಿಯುವವರೆಗೂ ಕೂತಿದ್ದೆ. ಮನೆಯವರು ಹುಡುಕಿ ಹುಡುಕಿ ಸಾಯಲಿ ಎಂದು.

"ಬಂದಾಗ ಒಂದು ಮಾತು ಆಡಲಿಲ್ಲವಲ್ಲ ಅವ್ವ. ತಲೆ ಕೂಡ ಎತ್ತಲಿಲ್ಲ."

"ನಿಮ್ಮಪ್ಪ ಒಳಗೆ ಉಣ್ಣಾಕೆ ಕೂತಿದ್ರು ಕಣ್ಲಾ. ಗೊತ್ತಾಗಿದ್ರೆ ಮರಕ್ಕೆ ಕಟ್ಟಿ ಹೊಡೀತಿದ್ರು. ನಿನ್ ಮಕ ನೋಡಿದ್ರೆ ನಾನು ಅತ್ತುಬುಡ್ತಿದ್ದೆ. ಅದ್ಕೇ ಕಾಲು ತೊಳೀತಾ ಕೂತೆ. ನೀನು ಉಣ್ಣಾಕೆ ಹೋದ್ಮ್ಯಾಲೆ ಲಿಂಗಾನ ಇದ್ದ ಮೊಳೆಗೇ ಹಾಕ್ದೆ."

ಹುಡುಗಿ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ, ಒದ್ದೆ ನೆಲ ಎಂದೂ ನೋಡದೆ. ಅವ್ವ ಅವಳ ಭುಜದ ಮೇಲೆ ಭಾರ ಹಾಕಿ ಎದ್ದಳು. ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತು ತಿರುಗಿದಳು.

"ಎಲ್ಲಾರೂ ಆ ಪುಸ್ತಕ ಓದವ್ರಂತಲ್ಲ, ಅದ್ರಾಗೆ ನಾನೂ ಇದ್ದೀನಂತೆ. ನಾನು ಅಲ್ಲಿಗೆ ಬಂದಿದ್ದು ಬರ್ದಿದ್ದೀಯ?"

"ಇಲ್ಲ ಅವ್ವ."

"ಹೋಗ್ಲಿ ಬಿಡು. ಏಳು, ಮುದ್ದೆ ಆರೋಗ್ತೈತೆ" ಎಂದಳು.